ಗೋಮಾಳದ ಜನರಲ್ ಸಾಹೇಬರಿಗೆ

ಮೇಜರ್ ಜನರಲ್ ಆಬ್ನರ್ ಡಬಲ್‌ಡೇ ಅವರ ಸನ್ನಿಧಾನಕ್ಕೆ,
ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ, ವರ್ಜೀನಿಯ

ಉಭಯ ಕುಶಲೋಪರಿ. ತಾವು 1893ರಲ್ಲೇ ಕಾಲವಾದ್ದರಿಂದ ಕ್ಷೇಮ ವಿಚಾರಿಸಿದ್ದು ವಾಡಿಕೆಗಷ್ಟೆ. ತೀರಿಹೋದವರಿಗೆ ಕಾಗದ ಹಾಕುವ ಅಭ್ಯಾಸ ನನಗೆ ಮೊದಲಿರಲಿಲ್ಲ. ಆದರೆ ಮೇಡಂ ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದ ಮೇಲೆ ಅಮೆರಿಕದ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷಗಿರಿ ನೋಡಿಕೊಂಡವರು ತಾವು. ಕಣ್ಣಿಗೆ ಕಾಣದ ಮಹಾತ್ಮರ ಪತ್ರಗಳು ಅಡ್ಯಾರಿನ ಬೀರುವಿಗೆ ನೇರವಾಗಿ ಬಂದು ಬೀಳುತ್ತವೆಂದು ನಂಬಿದ ಸಂಘ ಅದು. ಅತ್ತಲಿಂದ ಬರುವ ಟಪಾಲು ಇತ್ತಲಿಂದ ಹೋಗಲಾರದೆ?

ನಾನು ಚಿಂತಾಮಣಿ ತಾಲ್ಲೂಕಿನ ನಿವೃತ್ತ ಹೈಸ್ಕೂಲು ಮೇಷ್ಟ್ರು, ಸಮಾಜ ವಿಜ್ಞಾನ. ವಯಸ್ಸು 71. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ. ಸದ್ಯ ಜರ್ಸಿ ಸಿಟಿಯ ಮಗನ ಮನೆಯಲ್ಲಿದ್ದೇನೆ. ಮಗ ನಯಾಗರ ತೋರಿಸುತ್ತೇನೆಂದು ನಮ್ಮಾರೂ ಜನರನ್ನು ಕಾರಿಗೆ ತುಂಬಿಸಿಕೊಂಡು ಹೊರಟ. ಒಂಬತ್ತು ವರ್ಷದ ಮೊಮ್ಮಗನಿಗೆ ಬೇಸ್‌ಬಾಲ್ ಹುಚ್ಚು. ದಾರಿಯಲ್ಲಿ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ನೋಡಲೇಬೇಕೆಂದು ಹಠ ಹಿಡಿದ. ಪುಳಿಯೋಗರೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ನಾಲ್ಕು ಗಂಟೆ ಕೂತ ನಮ್ಮಾಕೆ, ಟಿಕೆಟ್ಟಿನ ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಿ, "ಇಷ್ಟು ಕೊಟ್ಟರೆ ದೇವರನ್ನು ಹತ್ತಿರದಿಂದ ತೋರಿಸ್ತಾರಾ?" ಎಂದಳು. ತೋರಿಸಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಊರು ಚೆನ್ನಾಗಿದೆ, ಸುಳ್ಳು ಹೇಳಬಾರದು. ಎರಡು ಸಾವಿರ ಜನವೂ ಇಲ್ಲದ ಹಳ್ಳಿ, ಪಕ್ಕದಲ್ಲೇ ಆಟ್ಸೀಗೊ ಸರೋವರ. ಅದರ ಕೋಡಿಯಿಂದಲೇ ಸಸ್ಕ್ವೆಹಾನ ನದಿ ಹೊರಡುತ್ತದೆ. ನಮ್ಮ ಕಡೆಯಾಗಿದ್ದರೆ ಅಲ್ಲೊಂದು ಕುಂಡಿಕೆ, ಸಂಕ್ರಮಣಕ್ಕೊಂದು ತೀರ್ಥೋದ್ಭವ, ಬಾಟಲಿ ಹಿಡಿದವರ ನೂಕುನುಗ್ಗಲು ಇರುತ್ತಿತ್ತು. ಇಲ್ಲಿ ನಿಜವಾಗಿ ಹುಟ್ಟುವ ನದಿಯ ಕಡೆ ತಿರುಗಿ ನೋಡುವವರಿಲ್ಲ. ಇಲ್ಲಿ ಹುಟ್ಟದ ಆಟಕ್ಕೆ ಸಾಲು ನಿಂತಿದ್ದಾರೆ.

ತಮ್ಮ ಸ್ಥಳಪುರಾಣ ಕೇಳಿ ನನಗೆ ಊರಿಗೆ ಹೋದಷ್ಟೇ ಸಂತೋಷವಾಯಿತು. 1839ರಲ್ಲಿ ಎಲಿಹು ಫಿನ್ನಿ ಎಂಬವರ ದನ ಮೇಯುವ ಬಯಲಿನಲ್ಲಿ ಊರ ಹುಡುಗರು ಚೆಂಡಿನ ಹಿಂದೆ ಓಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರಂತೆ. ತಾವು ಮರುಗಿ, ಕಡ್ಡಿಯಿಂದ ನೆಲದ ಮೇಲೆ ನಕ್ಷೆ ಗೀಚಿ, ಲೋಕಕ್ಕೆ ಬೇಸ್‌ಬಾಲ್ ಕರುಣಿಸಿದಿರಂತೆ. ಆ ಗೋಮಾಳವೇ ಇಂದಿನ ಡಬಲ್‌ಡೇ ಫೀಲ್ಡ್. ನಮ್ಮಲ್ಲಿ ಗೋಮಾಳ ದಕ್ಕಿಸಿಕೊಳ್ಳಲು ಗ್ರಾಮಲೆಕ್ಕಿಗ, ಸರ್ವೇಯರು, ಕನಿಷ್ಠ ಎರಡು ಎಲೆಕ್ಷನ್ನು ಬೇಕು. ತಮ್ಮ ಹೆಸರಿಗೆ ಒಂದು ಕಾಗದದಲ್ಲೇ ಖಾತೆಯಾಯಿತು.

ಆ ಕಾಗದ ಬರೆದದ್ದು ಡೆನ್ವರಿನ ಗಣಿ ಇಂಜಿನಿಯರು ಆಬ್ನರ್ ಗ್ರೇವ್ಸ್, 1905ರಲ್ಲಿ. ಆಗ ಅವರ ವಯಸ್ಸು 71. ಅಂದರೆ ತಾವು ಕಡ್ಡಿ ಹಿಡಿದಾಗ ಸಾಕ್ಷಿಗೆ ಐದು ವರ್ಷ. ಹೋಗಲಿ, ತಾವಾದರೂ ಎಲ್ಲಿದ್ದಿರಿ? ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ 1838ರಲ್ಲೇ ಸೇರಿ, ಕೆಡೆಟ್ಟಾಗಿ ಕವಾಯತು ಮಾಡುತ್ತಿದ್ದಿರಿ. ಮೇಷ್ಟ್ರಾದವನಿಗೆ ಹಾಜರಿ ಪುಸ್ತಕಕ್ಕಿಂತ ದೊಡ್ಡ ಪ್ರಮಾಣವಿಲ್ಲ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ನಮ್ಮ ಪಕ್ಕದ ಕೈವಾರವೇ. ಬಂಗಾಳದಲ್ಲೂ ಒಂದಿದೆಯಂತೆ, ಅದು ಸುಳ್ಳು. ಆದರೂ ನಾವು ಭೀಮನನ್ನು ಹಾಜರಿ ಇರುವ ಯಾವ ಸ್ಕೂಲಿಗೂ ಸೇರಿಸಿಲ್ಲ. ಆ ಎಚ್ಚರಿಕೆ ನಮಗಿದೆ.

ಗ್ರೇವ್ಸರ ಕಾಗದ ಬೇಕಾಗಿದ್ದದ್ದು ಆಲ್ಬರ್ಟ್ ಸ್ಪಾಲ್ಡಿಂಗ್ ಅವರಿಗೆ. ಮೊದಲು ಆಟಗಾರರು, ಆಮೇಲೆ ಚೆಂಡು, ಗ್ಲೌಸುಗಳ ದೊಡ್ಡ ವ್ಯಾಪಾರಿ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕ್ರಿಕೆಟ್ಟು, ಬೇಸ್‌ಬಾಲ್ ಎರಡನ್ನೂ ವರದಿ ಮಾಡುತ್ತಿದ್ದ ಪತ್ರಕರ್ತ ಹೆನ್ರಿ ಚಾಡ್ವಿಕ್, ಈ ಆಟ ಇಂಗ್ಲಿಷ್ ಮಕ್ಕಳ ರೌಂಡರ್ಸಿನಿಂದ ಬಂದದ್ದು ಎಂದುಬಿಟ್ಟರು. ರಾಷ್ಟ್ರೀಯ ಕ್ರೀಡೆಗೆ ಪರದೇಶದ ಅಜ್ಜಿಯೇ? ಸ್ಪಾಲ್ಡಿಂಗರು ಸಮಿತಿ ಕೂರಿಸಿದರು. ಅಧ್ಯಕ್ಷರು ತಮ್ಮ ಸ್ನೇಹಿತರೇ ಆದ ಅಬ್ರಹಾಂ ಮಿಲ್ಸ್. 1907ರ ಡಿಸೆಂಬರ್ 30ಕ್ಕೆ ವರದಿ ಬಂತು: ಕಂಡುಹಿಡಿದವರು ಡಬಲ್‌ಡೇ, ಸ್ಥಳ ಕೂಪರ್ಸ್‌ಟೌನ್. ಅಷ್ಟು ವರ್ಷದ ಸ್ನೇಹದಲ್ಲಿ ತಾವು ಅವರೆದುರು ಒಮ್ಮೆಯಾದರೂ "ಅದು ನಂದೇ ಕಣಯ್ಯಾ" ಅಂದಿದ್ದಿರಾ ಎಂದು ಸಮಿತಿಯಲ್ಲಿ ಯಾರೂ ಅಧ್ಯಕ್ಷರನ್ನು ಕೇಳಿದ ಹಾಗಿಲ್ಲ. ಸಮಿತಿಗಳ ವಿಷಯದಲ್ಲಿ ನಮ್ಮ ಎರಡೂ ದೇಶ ಒಂದೇ ತಾಯ ಮಕ್ಕಳು.

ಗ್ರೇವ್ಸರ ಮುಂದಿನ ಕತೆಯೂ ತಮಗೆ ಗೊತ್ತಿರಲಿ. 1924ರಲ್ಲಿ ಅವರು ಹೆಂಡತಿಯನ್ನು ಗುಂಡಿಟ್ಟು ಕೊಂದು ಹುಚ್ಚಾಸ್ಪತ್ರೆ ಸೇರಿದರು. ಇದನ್ನು ನಮ್ಮಾಕೆಗೆ ಓದಿ ಹೇಳಿದೆ. "ನಿಮಗೂ ಎಪ್ಪತ್ತೊಂದಾಯ್ತಲ್ರೀ" ಎಂದು ಕಿಟಕಿ ಕಡೆ ಸ್ವಲ್ಪ ಸರಿದು ಕೂತಳು.

ತಾವಾದರೋ ಸಜ್ಜನರು. ಅಮೆರಿಕದ ಅಂತರ್ಯುದ್ಧ ಶುರುವಾದಾಗ, 1861ರಲ್ಲಿ, ಸಮ್ಟರ್ ಕೋಟೆಯಿಂದ ಒಕ್ಕೂಟದ ಕಡೆಯ ಮೊದಲ ಫಿರಂಗಿ ಹಾರಿಸಿದವರು, ಗೆಟಿಸ್‌ಬರ್ಗಿನಲ್ಲಿ ಕಾದಿದವರು. ಆ ಯುದ್ಧಗಳ ಮೇಲೆ ಪುಸ್ತಕಗಳನ್ನೂ ಬರೆದಿರಿ. ಬೇಸ್‌ಬಾಲ್ ಕಂಡುಹಿಡಿದೆ ಎಂಬ ಒಂದು ಸಾಲು ಎಲ್ಲೂ ಬರೆಯಲಿಲ್ಲ. ಬೋರ್‌ವೆಲ್ ಕೊರೆಸಿ ಹೆಸರಿನ ಕಲ್ಲು ನೆಡುವವರ ನಾಡಿನಿಂದ ಬಂದವನಿಗೆ, ಮಾಡದ ಕೆಲಸವನ್ನು ಮಾಡಿಲ್ಲವೆಂದು ಸುಮ್ಮನಿರುವ ಮನುಷ್ಯನೇ ಒಂದು ಮ್ಯೂಸಿಯಂ ವಸ್ತು.

ಈಗ ನನ್ನ ಹೊಟ್ಟೆಯುರಿಗೆ ಬರುತ್ತೇನೆ. ನಿಕರ್‌ಬಾಕರ್ ಎಂಬ ಕ್ಲಬ್ಬಿನವರು 1845ರಲ್ಲಿ ಬೇಸ್‌ಬಾಲಿಗೆ ನಿಯಮ ಬರೆದಿಟ್ಟರು, ಆ ನಿಯಮದ ಪ್ರಕಾರ 1846ರ ಜೂನ್ 19ರಂದು ಹೆಸರುವಾಸಿಯಾದ ಪಂದ್ಯ ನಡೆದದ್ದು ಹೊಬೋಕನ್‌ನಲ್ಲಿ. ನಿಯಮ ಬರೆದವರೇ 23–1ರಿಂದ ಸೋತರು, ಅದಿರಲಿ. ಹೊಬೋಕನ್ ಎಂದರೆ ಜರ್ಸಿ ಸಿಟಿಯ ಪಕ್ಕದೂರು. ನಮ್ಮ ಸೊಸೆ ಅಲ್ಲಿಗೆ ಕೊತ್ತಂಬರಿ ಸೊಪ್ಪು ತರಲು ಹೋಗುತ್ತಾಳೆ. ಆಟದ ಚರಿತ್ರೆ ಮನೆ ಹಿತ್ತಿಲಲ್ಲಿತ್ತು. ಅದನ್ನು ಬಿಟ್ಟು ನಾಲ್ಕು ಗಂಟೆ ಪೆಟ್ರೋಲು ಸುಟ್ಟು ಏನೂ ನಡೆಯದ ಜಾಗಕ್ಕೆ ಬಂದಿದ್ದೆವು.

ಏನೂ ನಡೆಯದಿದ್ದರೂ ಶತಮಾನೋತ್ಸವ ಮಾತ್ರ ನಡೆಯಿತು. ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 1939ರ ಜೂನ್ 12ಕ್ಕೆ. ಸರ್ಕಾರ ಅಂಚೆಚೀಟಿ ಬೇರೆ ತಂದಿತು. ಹಣದ ಮುಗ್ಗಟ್ಟಿನ ಕಾಲ, ಊರಿಗೆ ಜನ ಬರಬೇಕಿತ್ತು. ಹತ್ತಿರದ ತೋಟದ ಮನೆಯೊಂದರ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಚೆಂಡೊಂದು ಸಿಕ್ಕಿ, ಅದೇ ತಮ್ಮ ಚೆಂಡು ಎಂದಾಯಿತು. ಊರಿನ ಸಿರಿವಂತ ಸ್ಟೀಫನ್ ಕ್ಲಾರ್ಕ್ ಅದನ್ನು ಐದು ಡಾಲರಿಗೆ ಕೊಂಡರು. ಕ್ಲಾರ್ಕರ ಸಂಪತ್ತು ಸಿಂಗರ್ ಹೊಲಿಗೆ ಮಿಷನ್ನಿನದು. ಮಿಷನ್ನನ್ನು ಕಂತಿನ ಮೇಲೆ ಮಾರುವ ಉಪಾಯ ತಂದವರು ಅವರ ಅಜ್ಜ. ನಮ್ಮಜ್ಜಿ ಚಿಂತಾಮಣಿಯಲ್ಲಿ ಕಂತು ಕಟ್ಟಿ ತಂದ ಸಿಂಗರ್ ಇವತ್ತಿಗೂ ಮನೆಯಲ್ಲಿದೆ. ಆ ಐದು ಡಾಲರಿನಲ್ಲಿ ನಮ್ಮ ಮನೆತನದ ಮೂರು ಕಾಸಾದರೂ ಇರಬೇಕೆಂದು ಲೆಕ್ಕ ಹಾಕುತ್ತಾ ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಬದನೆಕಾಯಿ ಸುಟ್ಟಂತಿದ್ದ ಚೆಂಡನ್ನು ನಮ್ಮಾಕೆ ಬಗ್ಗಿ ನೋಡಿದಳು. "ಹೊಲಿಗೆ ಬಿಟ್ಟಿದೆ. ಸಿಂಗರಿನವರೇ ಕೊಂಡೂ ಒಂದು ಹೊಲಿಗೆ ಹಾಕಿಸಲಿಲ್ವಾ?"

ಆಮೇಲೆ ಗರ್ಭಗುಡಿ. ಉದ್ದನೆಯ ಹಜಾರದಲ್ಲಿ ಕಂಚಿನ ಫಲಕಗಳು, ಒಬ್ಬೊಬ್ಬರಿಗೂ ಮುಖ, ಟೋಪಿ, ಸಾಧನೆ. ಬೇಬ್ ರೂತ್ ಮುಂದೆ ಮೊಮ್ಮಗ ಕೈಕಟ್ಟಿ ನಿಂತ. ನಾನು ತಮ್ಮನ್ನು ಹುಡುಕಿದೆ. ಆಟ ರೌಂಡರ್ಸಿನಿಂದ ಬಂತೆಂದ ಚಾಡ್ವಿಕ್ ಇದ್ದಾರೆ, 1938ರಲ್ಲೇ ಆರಿಸಿದ್ದು. ಅದು ಸುಳ್ಳೆಂದು ಸಮಿತಿ ಕೂರಿಸಿದ ಸ್ಪಾಲ್ಡಿಂಗ್ ಇದ್ದಾರೆ, ಮರುವರ್ಷ. ವಾದಿ, ಪ್ರತಿವಾದಿ ಇಬ್ಬರಿಗೂ ಡಿಕ್ರಿ! ಯಾರ ಹೆಸರಿನಲ್ಲಿ ಊರು ಬದುಕಿತೋ ಆ ತಾವು ಮಾತ್ರ ಇಲ್ಲ. ದೇವಸ್ಥಾನ ಕಟ್ಟಿದರು, ತೇರು ಎಳೆದರು, ಮೂರ್ತಿಯನ್ನು ಒಳಗೆ ಕೂರಿಸಲು ಅವರಿಗೂ ಧೈರ್ಯ ಬರಲಿಲ್ಲ. ತಮ್ಮದು ದಂತಕಥೆ ಎಂದು ಮ್ಯೂಸಿಯಮ್ಮಿನವರೇ ಈಗ ಒಪ್ಪುತ್ತಾರೆ. ಆದರೂ ಮೈದಾನದ ಹೆಸರು ಬದಲಾಗಿಲ್ಲ, ಸಾಲೂ ಕರಗಿಲ್ಲ. ಮೂವತ್ತೊಂದು ವರ್ಷ ಇತಿಹಾಸ ಬೇರೆ, ಪುರಾಣ ಬೇರೆ ಎಂದು ಬೆಂಚು ಕುಟ್ಟಿದ ನನಗೆ ಕೈ ನೋವು ಬಂದದ್ದಷ್ಟೇ ಲಾಭ ಎನಿಸಿತು.

ಇಲ್ಲಿಗೆ ಮುಗಿಸುತ್ತಿದ್ದೆ. ಆದರೆ ಒಂದು ತಪ್ಪೊಪ್ಪಿಗೆ ಬಾಕಿಯಿದೆ.

ಕಾರು ಹೊರಟ ಮೇಲೆ ಮೊಮ್ಮಗ, "ಹಾಗಾದ್ರೆ ಯಾರು ತಾತ ಕಂಡುಹಿಡಿದಿದ್ದು?" ಎಂದ. ಯಾರೂ ಅಲ್ಲ ಕಂದಾ, ಊರೂರ ಹುಡುಗರು ಸೇರಿ ಮಾಡಿಕೊಂಡದ್ದು ಎಂದೆ. ಹಳೆಯ ಆಟದಲ್ಲಿ ಓಡುವವನ ಬೆನ್ನಿಗೇ ಚೆಂಡು ಹೊಡೆದು ಔಟ್ ಮಾಡುತ್ತಿದ್ದರು, ನಮ್ಮ ಲಗೋರಿಯ ಹಾಗೆ. ನಿಕರ್‌ಬಾಕರಿನವರು ಅದನ್ನು ನಿಲ್ಲಿಸಿದರು. ನಾವು ನಿಲ್ಲಿಸಲಿಲ್ಲ, ಬೆನ್ನು ತೋರಿಸಲೇ ಎಂದೆ. ಅಷ್ಟರಲ್ಲಿ ಮಧ್ಯೆ ಕೂತಿದ್ದ ಐದು ವರ್ಷದ ಮೊಮ್ಮಗಳು ಕೇಳಿದಳು, "ಲಗೋರಿ ಯಾರು ಮಾಡಿದ್ದು ತಾತ?"

ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ಬಾಯಿಂದ "ಭೀಮ" ಎಂದು ಬಂತು.

"ಕೈವಾರದಲ್ಲಿ ಬಕಾಸುರನ ಗಾಡಿ ಅನ್ನವನ್ನೆಲ್ಲ ತಿಂದ್ನಾ, ರಾಕ್ಷಸ ಇನ್ನೂ ಬಂದಿರಲಿಲ್ಲ. ಹೊತ್ತು ಹೋಗ್ಬೇಕಲ್ಲ, ಏಳು ಬಂಡೆ ಒಂದರ ಮೇಲೊಂದು ಪೇರಿಸಿಟ್ಟ."

"ನೀನು ನೋಡಿದ್ಯಾ?"

"ಬಂಡೆ ಇನ್ನೂ ಇದೆ" ಎಂದೆ. ಮಗ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಮೊಮ್ಮಗ ಜೋರಾಗಿ ನಕ್ಕ. ಅವಳು ನಗಲಿಲ್ಲ. ಬೆರಳು ಮಡಿಚಿ ಏಳು ಎಣಿಸಿಕೊಂಡಳು.

ಆದ್ದರಿಂದ ವಿಜ್ಞಾಪನೆ. ಭೀಮಸೇನರು ತಮ್ಮ ಕಡೆ ಎಲ್ಲಾದರೂ ಸಿಕ್ಕರೆ ಒಂದು ಮಾತು ತಿಳಿಸಿಡಿ. ಇನ್ನು 66 ವರ್ಷಕ್ಕೆ ಅವರ ಹೆಸರಿಗೊಂದು ಮೈದಾನ ಬರಬಹುದು.

ಇಂತಿ ತಮ್ಮ ವಿಧೇಯ,
ನಿವೃತ್ತ ಮೇಷ್ಟ್ರು

ತಾ.ಕ.: ಆ ಚೆಂಡಿನ ವಿಷಯದಲ್ಲಿ ಮ್ಯೂಸಿಯಮ್ಮಿನವರು ಮನಸ್ಸು ಮಾಡಿದರೆ, ಸೂಜಿ ದಾರ ನಮ್ಮಾಕೆಯ ಚೀಲದಲ್ಲೇ ಇದೆ.