ಬೀಗ ನನ್ನದು, ಮರೆವು ನಿಮ್ಮದು

ಸ್ಕೂಟರ್ ಕೀಲಿಗೊಂಚಲಲ್ಲಿ ನೇತಾಡುತ್ತಿದ್ದ 32 ಜಿಬಿ ಪೆನ್‌ಡ್ರೈವ್ ಮಾತಿಗೆ ಸಿಕ್ಕಿತು. ಮುಚ್ಚಳ ಎಂದೋ ಕಳೆದಿತ್ತು, ಮೂತಿಗೆ ಜೇಬಿನ ನೂಲು ಮೆತ್ತಿಕೊಂಡಿತ್ತು.

ಪ್ರಶ್ನೆ: ಏನು ಸ್ವಾಮಿ, ಇತ್ತೀಚೆಗೆ ಬಾಯೇ ಬಿಡುತ್ತಿಲ್ಲವಂತೆ?

ಪೆನ್‌ಡ್ರೈವ್: ಬಿಡಿಸಲು ಪಾಸ್‌ವರ್ಡ್ ಬೇಕಲ್ಲ! ಮೊದಲು ನಾನು ಧರ್ಮಛತ್ರದಂತಿದ್ದೆ. ಜೆರಾಕ್ಸ್ ಅಂಗಡಿಯಲ್ಲಿ ಚುಚ್ಚಿದರೆ ಯಜಮಾನರ ಆಧಾರ್, ಪ್ಯಾನ್, ಮನೆ ಸಾಲದ ಪತ್ರ ಎಲ್ಲ ಅಲ್ಲಿನ ಹುಡುಗನಿಗೂ ದರ್ಶನ. ಹೆದರಿ ವಿಂಡೋಸಿನದೇ ಬೀಗವಾದ ಬಿಟ್‌ಲಾಕರ್ ಹಾಕಿಸಿದರು.

ಪ್ರಶ್ನೆ: ಒಳ್ಳೆಯದೇ ಆಯಿತಲ್ಲ?

ಪೆನ್‌ಡ್ರೈವ್: ಬೀಗ ಒಳ್ಳೆಯದೇ. ಹಾಕುವಾಗ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೊಟ್ಟು, ಬೇರೆಡೆ ಇಟ್ಟುಕೊಳ್ಳಿ ಎಂದಿತು. ಇವರು ಡೆಸ್ಕ್‌ಟಾಪಿನಲ್ಲಿಟ್ಟರು. ಆಮೇಲೆ ಭದ್ರವಾಗಿರಲಿ ಎಂದು ಕಟ್ ಮಾಡಿ ನನ್ನೊಳಗೇ ಪೇಸ್ಟ್ ಮಾಡಿದರು. ಕೊನೆಗೆ ಪಾಸ್‌ವರ್ಡನ್ನೇ ಮರೆತರು.

ಪ್ರಶ್ನೆ: ಪಾಸ್‌ವರ್ಡ್ ಊಹಿಸಬಾರದೆ?

ಪೆನ್‌ಡ್ರೈವ್: ಮಗಳ ಹೆಸರು, ಮನೆದೇವರು, ಗಾಡಿ ನಂಬರ್ ಎಲ್ಲ ಆಯಿತು. ನಾನಾದರೂ ವಾಸಿ. ನಮ್ಮ ಬಳಗದ ಐರನ್‌ಕೀ ಹತ್ತು ಸಲ ತಪ್ಪಿದರೆ ಶಾಶ್ವತ ಮೌನ. ಸ್ಟೆಫಾನ್ ಥಾಮಸ್ ಎಂಬ ಪ್ರೋಗ್ರಾಮರ್ ಅದರಲ್ಲಿ 7,002 ಬಿಟ್‌ಕಾಯಿನ್‌ಗಳ ಕೀಲಿ ಇಟ್ಟು, ಪಾಸ್‌ವರ್ಡ್ ಬರೆದ ಚೀಟಿ ಕಳೆದುಕೊಂಡ. 2021ರಲ್ಲಿ ಸುದ್ದಿಯಾದಾಗ ಎಂಟು ಸಲ ತಪ್ಪಿದ್ದ.

ಪ್ರಶ್ನೆ: ಬಿಟ್‌ಲಾಕರ್ ಬದಲು ವೆರಾಕ್ರಿಪ್ಟ್ ಬೀಗ ಹಾಕಿಸಿದ್ದರೆ?

ಪೆನ್‌ಡ್ರೈವ್: 2014ರಲ್ಲಿ ಟ್ರೂಕ್ರಿಪ್ಟ್ ಎಂಬ ಹಳೆಯ ಬೀಗದ ಅಂಗಡಿ ಮುಚ್ಚಿದ ಮೇಲೆ ಬಹಳ ಜನ ಹಿಡಿದದ್ದು ಅದನ್ನೇ. ಆದರೆ ಇಡೀ ಡ್ರೈವಿಗೆ ಹಾಕಿದರೆ, ಚುಚ್ಚಿದೊಡನೆ ವಿಂಡೋಸ್ ಗುರುತು ಹಿಡಿಯದೆ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ‘ಹೂಂ’ ಎಂದಿರೋ, ಗೋವಿಂದ! ಬೀಗದ ಕೀಲಿ ಅಡಗಿರುವ ಆರಂಭದ ಭಾಗ, ಅಂದರೆ ಹೆಡರ್, ಕೆಟ್ಟರಂತೂ ಸರಿಯಾದ ಪಾಸ್‌ವರ್ಡಿಗೂ ಬಾಗಿಲು ತೆರೆಯದು. ಹೆಡರಿನ ಬ್ಯಾಕಪ್ ಬೇರೆಡೆ ಇರಬೇಕು. ಅದಕ್ಕಿಂತ, ಡ್ರೈವ್ ಬಿಟ್ಟು ಫೈಲುಗಳನ್ನೆಲ್ಲ ತುಂಬಿದ ಒಂದು ಕಂಟೇನರ್ ಫೈಲಿಗೆ ಮಾತ್ರ ಬೀಗ ಹಾಕುವುದು ಲೇಸು. ಆಗ ಫಾರ್ಮ್ಯಾಟ್ ಮಾತೇ ಏಳದು, ಪ್ರತಿ ತೆಗೆಯುವುದೂ ಸುಲಭ.

ಪ್ರಶ್ನೆ: ಓದುಗರಿಗೆ ಕಿವಿಮಾತು?

ಪೆನ್‌ಡ್ರೈವ್: ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು, ಬೀರುವಿನಲ್ಲಿ ಮನೆಪತ್ರದ ಜೊತೆ ಇಡಿ. ಮೂಲ ಫೈಲುಗಳನ್ನು ಅಳಿಸುವ ಮುಂಚೆ, ಬೀಗ ತೆಗೆದು ಒಂದು ಫೈಲಾದರೂ ತೆರೆದು ನೋಡಿ. ಇನ್ನೊಂದು ಡ್ರೈವಿನಲ್ಲಿ ಬೀಗ ಹಾಕಿದ ಪ್ರತಿ ಇರಲಿ. ನನ್ನ ಚಿಪ್ಪೇ ಸತ್ತರೆ ನಿಮ್ಮ ಕೀಲಿಯಿಂದ ಏನು ತೆರೆಯುತ್ತೀರಿ?

ಪ್ರಶ್ನೆ: ಯಜಮಾನರು ಮುಂದೇನು ಮಾಡುತ್ತಾರೆ?

ಪೆನ್‌ಡ್ರೈವ್: ನಾಳೆ ಫಾರ್ಮ್ಯಾಟ್. ಬೀಗವೂ ಹೋಗುತ್ತದೆ, ಸಾಲದ ಪತ್ರವೂ ಹೋಗುತ್ತದೆ. ಸಾಲ ಮಾತ್ರ ಹೋಗುವುದಿಲ್ಲ.