ಅವರನ್ನ ಒಂದು ರಾತ್ರಿ ಊರೊಳಗೇ ಇರಿಸಿ

ನಿಮ್ಮ ಅತ್ತೆ ಮಾವ ಮೈಸೂರಿಂದ ಬರೋದು ಖಾಯಂ ಆಯ್ತಂತಲ್ಲ, ತುಂಬಾ ಸಂತೋಷ. ಆದ್ರೆ ಸ್ಯಾನ್ ಫ್ರಾನ್ಸಿಸ್ಕೋನ ಒಂದೇ ದಿನದಲ್ಲಿ ತೋರಿಸಿ, ರಾತ್ರಿ ಊಟಕ್ಕೆ ಫ್ರೀಮಾಂಟಿಗೆ ವಾಪಸ್ ಬಂದುಬಿಡ್ತೀವಿ ಅಂದ್ರಲ್ಲ, ಅದನ್ನ ಕೇಳಿ ಸುಮ್ಮನಿರೋಕೆ ಆಗ್ಲಿಲ್ಲ. ಅದಕ್ಕೇ ನೀರಿನ ಪೈಪು ಕೆಳಗಿಟ್ಟು ಬೇಲಿ ಹತ್ರ ಬಂದೆ. ಎರಡು ನಿಮಿಷ ಇದೆಯಾ?

ನಾವೆಲ್ಲ ಮಾಡೋದು ಅದೇ. ಸೇತುವೆ ಮುಂದೆ ಒಂದು ಫೋಟೋ, ಲೊಂಬಾರ್ಡ್ ಬೀದಿಯ ತಿರುವು, ಪಿಯರ್ 39ರಲ್ಲಿ ಕಡಲ ಸಿಂಹಗಳು, ಅಷ್ಟೊತ್ತಿಗೆ ಟ್ರಾಫಿಕ್ ಶುರು ಆಗುತ್ತೆ ಹೊರಡಿ ಹೊರಡಿ ಅಂತ ಅವಸರ. ಬಂದ ಹಿರಿಯರು ಇಡೀ ಊರನ್ನ ಕಾರಿನ ಕಿಟಕಿಯಿಂದ ನೋಡ್ತಾರೆ. ಇದಕ್ಕೆ ಕಾರಣ ದುಡ್ಡಲ್ಲ, ನಂಗೆ ಗೊತ್ತು. ಬಂದ ನೆಂಟರನ್ನ ಹೋಟೆಲಲ್ಲಿ ಇಳಿಸೋದು ಅಂದ್ರೆ ನಮಗೆ ಮುಜುಗರ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಊರಿಂದ ಬಂದ ಹಾಡುಗಾರರನ್ನೂ ಯಾರಾದ್ರೂ ತಮ್ಮ ಮನೆಗೇ ಕರ್ಕೊಂಡು ಹೋಗ್ತಾರೆ ತಾನೇ? ಒಳ್ಳೇ ಪದ್ಧತಿ, ನಾನು ಬೇಡ ಅನ್ನಲ್ಲ. ಆದ್ರೆ ಈ ಊರಲ್ಲಿ ಒಂದು ರಾತ್ರಿಯಾದ್ರೂ ಮಲಗಿ ಎದ್ದವರಿಗೇ ಈ ಊರು ಸಿಗೋದು, ಅದೂ ಒಂದು ಚಿಕ್ಕ ಹಳೇ ಹೋಟೆಲಲ್ಲಿ. ಯೂನಿಯನ್ ಸ್ಕ್ವೇರ್ ಸುತ್ತ ಇರೋ ಗಾಜಿನ ಗೋಪುರಗಳಲ್ಲಿ ಕೋಣೆ ಹಿಡಿದ್ರೆ ಚಿಕಾಗೋದಲ್ಲಿ ಮಲಗಿದ್ರೂ ಒಂದೇ, ಇಲ್ಲಿ ಮಲಗಿದ್ರೂ ಒಂದೇ. ಸಟರ್, ಬುಷ್, ಪೋಸ್ಟ್ ಬೀದಿಗಳ ಏರಿನಲ್ಲಿ, ನಾಬ್ ಹಿಲ್ಲಿನ ಬುಡದಲ್ಲಿ, ಇಲ್ಲಾ ನಾರ್ತ್ ಬೀಚಲ್ಲಿ, ಐದಾರು ಅಂತಸ್ತಿನ ಹಳೇ ಕಟ್ಟಡಗಳಿವೆ ನೋಡಿ, ನಾನು ಹೇಳೋದು ಅವನ್ನ.

ನಮ್ಮ ನೆಂಟರನ್ನ ಅಂಥ ಕಡೆ ಇರಿಸಿದಾಗೆಲ್ಲ ನಾನು ಕೇಳಿದ ದೂರುಗಳು ಒಂದೇ ಥರ. ಕೋಣೆ ಚಿಕ್ಕದು. ಏಸಿ ಇಲ್ಲ. ಕಿಟಕಿ ತೆಗೆದ್ರೆ ಎದುರಿಗೆ ಗೋಡೆ. ರಾತ್ರಿಯೆಲ್ಲ ಗೋಡೆಯೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಈ ಒಂದೊಂದು ದೂರಿಗೂ ಹಿಂದೆ ಈ ಊರಿನ ಚರಿತ್ರೆಯ ಒಂದೊಂದು ತುಂಡು ಇದೆ. ಅದನ್ನ ಹೇಳಿ ಕಳಿಸಿದ್ರೆ ಅದೇ ಕೋಣೆ ಅವರಿಗೆ ಇಷ್ಟ ಆಗುತ್ತೆ. ನಾನು ಕಣ್ಣಾರೆ ಕಂಡಿದ್ದೀನಿ.

1906ರ ಏಪ್ರಿಲ್ 18, ಬೆಳಗಿನ ಜಾವ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಭೂಮಿ ನಡುಗಿತು. ಆಮೇಲೆ ಬೆಂಕಿ ಮೂರು ದಿನ ಉರೀತು. ಸುಮಾರು 28,000 ಕಟ್ಟಡ ಹೋದವು, ನಾಲ್ಕು ಲಕ್ಷ ಜನರ ಊರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೀದಿಗೆ ಬಿದ್ದರು. ಆ ರಾತ್ರಿ ಊರಿನ ಹೋಟೆಲುಗಳಲ್ಲಿ ಮಲಗಿದ್ದ ಅತಿಥಿಗಳ ಕಥೆ ಕೇಳಿದ್ರೆ ಎದೆ ಝಲ್ಲೆನ್ನುತ್ತೆ. ಪ್ಯಾಲೆಸ್ ಹೋಟೆಲಲ್ಲಿ ಇಟಲಿಯ ದೊಡ್ಡ ಗಾಯಕ ಕರೂಸೊ ಇದ್ದ, ಹಿಂದಿನ ರಾತ್ರಿ ತಾನೇ ಕಾರ್ಮೆನ್ ಒಪೆರಾದಲ್ಲಿ ಹಾಡಿದ್ದ. ಜೀವ ಉಳಿಸ್ಕೊಂಡು ಹೋದವನು ಮತ್ತೆ ಈ ಊರಿಗೆ ಕಾಲಿಡಲಿಲ್ಲ. ಅವನಾದ್ರೂ ಉಳಿದ. ವೆಲೆನ್ಸಿಯಾ ಬೀದಿಯಲ್ಲಿ ಬಡ ಕೂಲಿಗಳು ತಂಗ್ತಿದ್ದ ನಾಲ್ಕಂತಸ್ತಿನ ಮರದ ಹೋಟೆಲು, ಜೌಗು ತುಂಬಿಸಿದ ನೆಲದ ಮೇಲೆ ಕಟ್ಟಿದ್ದು, ಕೆಳಗಿನ ಅಂತಸ್ತುಗಳ ಸಮೇತ ಕುಸಿದು ಹೂತುಹೋಯ್ತು. ಒಳಗಿದ್ದ ಬಹಳ ಜನ ಹೊರಗೆ ಬರಲೇ ಇಲ್ಲ.

ಊರನ್ನ ಮತ್ತೆ ಕಟ್ಟಿದ್ದು ಅವಸರದಲ್ಲಿ. ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕೆ 1915ರಲ್ಲಿ ಇಲ್ಲಿ ಜಾಗತಿಕ ವಸ್ತುಪ್ರದರ್ಶನ ಮಾಡಿದ್ರು, ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಮೀರಿ ಭೇಟಿಗಳಾದವು ಅಂತ ಲೆಕ್ಕ. ಬರೋರಿಗೆ ಕೋಣೆ ಬೇಕಲ್ಲ? ಕಿರಿದಾದ ನಿವೇಶನ, ಅದರಲ್ಲಿ ಆದಷ್ಟು ಕೋಣೆ. ಹಾಗಾಗಿ ಕೋಣೆ ಚಿಕ್ಕದಾಯ್ತು. ಅಕ್ಕಪಕ್ಕದ ಕಟ್ಟಡಕ್ಕೆ ಗೋಡೆ ತಾಗಿಕೊಂಡಿರೋದ್ರಿಂದ ನಡುವಿನ ಕೋಣೆಗಳಿಗೆ ಗಾಳಿ ಬೆಳಕು ಬರಲಿ ಅಂತ ಕಟ್ಟಡದ ಹೊಟ್ಟೆಯಲ್ಲಿ ಒಂದು ಬಾವಿಯಂಥ ತೆರಪು ಬಿಟ್ಟರು. ಕಿಟಕಿ ತೆಗೆದ್ರೆ ಗೋಡೆ ಕಾಣೋದು ಅದಕ್ಕೇ. ಬೀದಿ ಕಡೆಯ ಕೋಣೆಗಳಿಗೆ ಮಾತ್ರ ಹೊರಗೆ ಉಬ್ಬಿದ ಮೂರು ಮುಖದ ಕಿಟಕಿ. ಜಾಗ ಇಲ್ಲದ ಕಡೆ ಬೀದಿಯ ಮೇಲಿನ ಆಕಾಶವನ್ನೇ ತುಸು ಎರವಲು ಪಡೆದ ಉಪಾಯ ಅದು. ನಿಮ್ಮ ಅತ್ತೆ ಅದರಲ್ಲಿ ಒಂದು ಕುರ್ಚಿ ಹಾಕ್ಕೊಂಡು ಕೂತ್ರು ಅಂತಿಟ್ಕೊಳ್ಳಿ, ಬೀದಿಯ ಎರಡೂ ತುದಿ ಕಾಣುತ್ತೆ. ಅವರಿಗೆ ಬೇರೆ ಟೂರೇ ಬೇಕಾಗಲ್ಲ.

ಇನ್ನು ಗೋಡೆಯೊಳಗಿನ ಸುತ್ತಿಗೆ. ನೆಲಮಾಳಿಗೆಯಲ್ಲಿ ಬಾಯ್ಲರ್ ಇರುತ್ತೆ, ಅಲ್ಲಿಂದ ಹಬೆ ಕೊಳವೆಯಲ್ಲಿ ಏರಿ ಪ್ರತಿ ಕೋಣೆಯ ಕಬ್ಬಿಣದ ರೇಡಿಯೇಟರಿಗೆ ಬರುತ್ತೆ. ಅಲ್ಲಿ ತಣ್ಣಗಾಗಿ ನೀರಾಗಿ ವಾಪಸ್ ಇಳೀಬೇಕು. ಕೊಳವೆಯ ವಾಟ ತಪ್ಪಿದ ಕಡೆ ಆ ನೀರು ನಿಂತುಬಿಡುತ್ತೆ, ಮುಂದಿನ ಹಬೆ ಅದನ್ನ ನೂಕಿ ತಿರುವಿಗೆ ಅಪ್ಪಳಿಸುತ್ತೆ. ಠಣ್ ಅನ್ನೋದು ಅದೇ. ಇದನ್ನ ಮೊದಲೇ ಹೇಳಿ ಕಳಿಸಿದ್ರೆ ಮಾವನವರು ಹೆದರಲ್ಲ, ಎದ್ದು ಕೂತು ಕೇಳಿಸ್ಕೋತಾರೆ.

ಏಸಿ ಯಾಕಿಲ್ಲ ಅಂದ್ರೆ, ಬೇಕಾಗೇ ಇರಲಿಲ್ಲ. ಒಳನಾಡಿನ ಕಣಿವೆ ಬಿಸಿಲಿಗೆ ಕಾದು ಅಲ್ಲಿನ ಗಾಳಿ ಮೇಲೇಳುತ್ತೆ, ಆ ಜಾಗ ತುಂಬೋಕೆ ಶಾಂತಸಾಗರದ ತಣ್ಣನೆ ಗಾಳಿ ಗೋಲ್ಡನ್ ಗೇಟಿನ ಕಿರುಬಾಗಿಲಲ್ಲಿ ನುಗ್ಗುತ್ತೆ, ಜೊತೆಗೆ ಮಂಜೂ ಬರುತ್ತೆ. ಆಗಸ್ಟಲ್ಲೂ ಅಲ್ಲಿ ಹಗಲಿನ ಸರಾಸರಿ ಶಾಖ 20 ಡಿಗ್ರಿ ಸುಮಾರು. ನಮ್ಮ ಫ್ರೀಮಾಂಟಲ್ಲಿ ಬೆವರು ಇಳಿಯೋ ದಿನವೇ ಅಲ್ಲಿ ಸ್ವೆಟರ್ ಹುಡುಕಬೇಕು. ಹಾಗಂತ ಯಾವತ್ತೂ ಸುಡೋದೇ ಇಲ್ಲ ಅಂತಲ್ಲ. 2017ರ ಸೆಪ್ಟೆಂಬರ್ 1ನೇ ತಾರೀಖು 41 ಡಿಗ್ರಿ ಮುಟ್ಟಿ ಊರಿನ ದಾಖಲೆಯೇ ಆಯ್ತು. ಅಂಥ ಬಿಸಿಗಾಳಿಯ ಸುದ್ದಿ ಇದ್ರೆ ಹೋಗೋದನ್ನ ಮುಂದಕ್ಕೆ ಹಾಕಿ. ಉಳಿದ ದಿನ ಕಿಟಕಿ ತೆಗೆದು ಮಲಗಬಹುದು. ಹೊಸ ಗೋಪುರಗಳಲ್ಲಿ ಕಿಟಕಿ ತೆಗೆಯೋಕೇ ಬರಲ್ಲ, ಇಲ್ಲಿ ಮೇಲಕ್ಕೆ ಎತ್ತಿದ್ರೆ ಊರು ಒಳಗೆ ಬರುತ್ತೆ. ಪವೆಲ್ ಇಲ್ಲಾ ಕ್ಯಾಲಿಫೋರ್ನಿಯಾ ಬೀದಿ ಹತ್ತಿರವಾದ್ರೆ ರಸ್ತೆಯ ಕೆಳಗೆ ಒಂದು ಗುಂಯ್ ಅನ್ನೋ ಸದ್ದಿರುತ್ತೆ. ಕೇಬಲ್ ಕಾರನ್ನ ಎಳೆಯೋ ಉಕ್ಕಿನ ಹಗ್ಗ ಅದು, ಗಂಟೆಗೆ ಒಂಬತ್ತೂವರೆ ಮೈಲಿ ವೇಗದಲ್ಲಿ ಗಾಡಿ ಇರಲಿ ಬಿಡಲಿ ಓಡ್ತಾನೇ ಇರುತ್ತೆ. 1873ರಿಂದ ನಡೆದುಬಂದ ವಿದ್ಯೆ. ರಾತ್ರಿ ತಡವಾಗಿ ಗಾಡಿಗಳು ನಿಂತ ಮೇಲೆ ಹಗ್ಗವನ್ನೂ ನಿಲ್ಲಿಸ್ತಾರೆ, ಆಗ ಬೀದಿ ತಟ್ಟನೆ ಮೌನ ಆಗೋದು ಮಲಗಿದಲ್ಲೇ ತಿಳಿಯುತ್ತೆ.

ನಾರ್ತ್ ಬೀಚಿನ ಸ್ಯಾನ್ ರೆಮೊ ಹೋಟೆಲ್ ಅಂತ ಒಂದಿದೆ, ಭೂಕಂಪದ ನಂತರ ಎ. ಪಿ. ಜಿಯಾನಿನಿ ಕಟ್ಟಿಸಿದ್ದು. ಇಟಾಲಿಯನ್ ವಲಸಿಗರಿಗಾಗಿ ಬ್ಯಾಂಕು ಶುರುಮಾಡಿದ್ರು, ಅದು ಮುಂದೆ ಬ್ಯಾಂಕ್ ಆಫ್ ಅಮೆರಿಕಾ ಆಯ್ತಲ್ಲ, ಅದೇ ಜಿಯಾನಿನಿ. ಅಲ್ಲಿ ಸ್ನಾನದ ಮನೆ ಕೋಣೆಯ ಹೊರಗೆ, ಓಣಿಯ ಕೊನೆಯಲ್ಲಿ. ನಮ್ಮ ವಯಸ್ಸಿನವರು ಅಯ್ಯೋ ಅಂತಾರೆ. ವಠಾರದಲ್ಲಿ ಸಂಸಾರ ಮಾಡಿದ ಹಿರಿಯರಿಗೆ ಮಾತ್ರ ಅದು ತಮ್ಮ ಹಳೇ ಮನೆಯ ಹಾಗೇ ಅನ್ನಿಸುತ್ತೆ.

ಕಟ್ಟಡದ ಮಾತು ಸಾಕು, ಜನರ ಮಾತಿಗೆ ಬರ್ತೀನಿ. ಚಿಕ್ಕ ಹೋಟೆಲಿನ ಸುಖ ದುಃಖ ನಿಂತಿರೋದು ಕೌಂಟರಿನ ಹಿಂದೆ ಇರೋ ಒಬ್ಬ ಮನುಷ್ಯನ ಮೇಲೆ. ದೊಡ್ಡ ಹೋಟೆಲಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಮುಖ. ಇಲ್ಲಿ ಬೆಳಿಗ್ಗೆ ಕಂಡವರೇ ರಾತ್ರಿಯೂ ಇರ್ತಾರೆ. ನಮ್ಮಮ್ಮ ಬಂದಾಗ ರಾತ್ರಿ ಮಾತ್ರೆಗೆ ಬಿಸಿನೀರು ಕೇಳೋಕೆ ನಾನು ಕೆಳಗೆ ಇಳಿದೆ. ಅಲ್ಲಿದ್ದ ಹೆಂಗಸು ತನ್ನ ಚಹಾಕ್ಕೆ ಇಟ್ಟಿದ್ದ ನೀರನ್ನೇ ಫ್ಲಾಸ್ಕಿಗೆ ತುಂಬಿ ಕೊಟ್ಟಳು. ಬೆಳಿಗ್ಗೆ ಕೇಳದೇನೇ ಇನ್ನೊಂದು ಫ್ಲಾಸ್ಕ್ ಬಾಗಿಲಿಗೆ ಬಂತು. ಅಮ್ಮ ಸೇತುವೆಯ ವಿಷಯ ಮರೆತಿರಬಹುದು, ಆ ನೀರನ್ನ ಊರಲ್ಲಿ ಎಲ್ಲರಿಗೂ ಹೇಳಿದ್ದಾರೆ.

ಆ ಕೌಂಟರಿನ ಹಿಂದೆ ಗುಜರಾತಿ ಮುಖ ಕಂಡ್ರೆ ಅಚ್ಚರಿಪಡಬೇಡಿ, ಅದಕ್ಕೂ ದೊಡ್ಡ ಕಥೆ ಇದೆ. ಸೂರತ್ ಕಡೆಯ ಕಾಂಜಿ ಮಂಛು ದೇಸಾಯಿ ಅನ್ನೋರು ಕಾಗದಪತ್ರ ಇಲ್ಲದೆ ಬಂದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿದವರು. ಭಾರತೀಯರಿಗೆ ಪೌರತ್ವ ಸಲ್ಲದು ಅಂತ ಇಲ್ಲಿನ ಸುಪ್ರೀಂ ಕೋರ್ಟು 1923ರಲ್ಲೇ ತೀರ್ಪು ಕೊಟ್ಟಿತ್ತು. 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಲ್ಲಿ, ಇಲ್ಲಿನ ಜಪಾನಿ ಮೂಲದವರನ್ನೆಲ್ಲ ಬಂಧನ ಶಿಬಿರಗಳಿಗೆ ಸಾಗಿಸಿದಾಗ ಸ್ಯಾಕ್ರಮೆಂಟೋದ 32 ಕೋಣೆಯ ಹೋಟೆಲೊಂದರ ಜಪಾನಿ ಮೂಲದ ಒಡೆಯರೂ ಹೋಗಬೇಕಾಯ್ತು. ದೇಸಾಯಿ ಇನ್ನಿಬ್ಬರ ಜೊತೆ ಅದನ್ನ ನಡೆಸೋಕೆ ತಗೊಂಡ್ರು. ಒಬ್ಬರ ಸಂಕಟದಲ್ಲಿ ಇನ್ನೊಬ್ಬರ ಬದುಕು ಶುರುವಾಯ್ತು, ಈ ಕಥೆ ಹೇಳೋವಾಗ ಆ ಜಪಾನಿ ಮನೆಯವರನ್ನ ನಾವು ಮರೀಬಾರದು. ಯುದ್ಧ ಮುಗಿದ ಮೇಲೆ ದೇಸಾಯಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಗೋಲ್ಡ್‌ಫೀಲ್ಡ್ ಹೋಟೆಲ್ ನಡೆಸಿದ್ರು. 1946ರ ಕಾಯಿದೆ ಭಾರತೀಯರಿಗೆ ಬಾಗಿಲನ್ನ ತುಸು ತೆರೆದಿತ್ತು, ವರ್ಷಕ್ಕೆ ನೂರೇ ಜನ ಬರಬಹುದು ಅಂತ. ಬಂದ ಗುಜರಾತಿಗಳಿಗೆ ಅವರ ಹೋಟೆಲೇ ಮೊದಲ ಮನೆ ಆಯ್ತು, ನೀವೂ ಹೋಟೆಲ್ ಹಿಡೀರಿ ಅಂತ ದಾರಿ ಹೇಳಿದವರೂ ಅವರೇ. ಸಂಸಾರ ಹೋಟೆಲಲ್ಲೇ ಇದ್ದರೆ ಮನೆ ಬಾಡಿಗೆ ಉಳೀತು. ಗಂಡ ಕೌಂಟರಲ್ಲಿ, ಹೆಂಡತಿ ಹಾಸಿಗೆ ಬದಲಿಸೋದರಲ್ಲಿ, ಮಕ್ಕಳು ಶಾಲೆಯಿಂದ ಬಂದು ಟವಲು ಮಡಿಸೋದರಲ್ಲಿ. ಅಲ್ಲಿಂದ ಹಬ್ಬಿ ಹಬ್ಬಿ, ಇವತ್ತು ಅಮೆರಿಕದ ಹೋಟೆಲು, ಮೋಟೆಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತೀಯ ಮೂಲದವರ ಕೈಯಲ್ಲಿವೆ. ನಮ್ಮ ಉಡುಪಿ ಕಡೆಯವರು ಮುಂಬೈ ಮದ್ರಾಸಿಗೆ ಹೋಗಿ ಇಡ್ಲಿ ದೋಸೆ ಬಡಿಸಿ ಊರು ಗೆದ್ದರು, ಸೂರತ್ತಿನವರು ಇಲ್ಲಿ ಹಾಸಿಗೆ ಹಾಸಿ ಗೆದ್ದರು. ನಿಮ್ಮ ಮಾವ ಹಿಂದಿಯಲ್ಲಿ ನಾಲ್ಕು ಮಾತಾಡಿದ್ರೆ ಸಾಕು, ಅವರ ಊರು, ಇವರ ಊರು ಅಂತ ಅರ್ಧ ಗಂಟೆ ಹೋಗುತ್ತೆ.

ಲಾಬಿಯಲ್ಲಿ ಒಬ್ಬರು ಮುದುಕರು ದಿನಾ ಅದೇ ಕುರ್ಚಿಯಲ್ಲಿ ಕೂತಿರೋದೂ ಕಾಣಬಹುದು. ಅವರು ಪ್ರವಾಸಿ ಅಲ್ಲ, ವರ್ಷಗಟ್ಟಲೆಯಿಂದ ಅಲ್ಲೇ ಇರೋರು. ಈ ಊರಲ್ಲಿ ಬಡವರು ತಿಂಗಳ ಬಾಡಿಗೆಗೆ ಇರೋ ಒಂಟಿ ಕೋಣೆಯ ಹೋಟೆಲುಗಳು ಸುಮಾರು 500 ಇವೆ, ಚೈನಾಟೌನಿನಲ್ಲಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಇರೋದುಂಟು. ಕೆಲವು ಕಟ್ಟಡಗಳಲ್ಲಿ ಪ್ರವಾಸಿಗಳ ಕೋಣೆ, ನಿವಾಸಿಗಳ ಕೋಣೆ ಎರಡೂ ಉಂಟು. ನಿವಾಸಿಗಳ ಕೋಣೆಯನ್ನ ಸುಮ್ಮನೆ ಪ್ರವಾಸಿಗಳಿಗೆ ಕೊಡೋ ಹಾಗಿಲ್ಲ, 1981ರ ಕಾನೂನಿದೆ. ಆ ಕಾನೂನಿನ ಹಿಂದೆ ಕಣ್ಣೀರಿದೆ. ಕರ್ನಿ ಬೀದಿಯ ಇಂಟರ್‌ನ್ಯಾಷನಲ್ ಹೋಟೆಲಲ್ಲಿ ಫಿಲಿಪ್ಪೀನ್ಸ್ ಮತ್ತು ಚೀನಾದ ವಯಸ್ಸಾದ ಕೂಲಿಗಳಿದ್ದರು. 1977ರ ಆಗಸ್ಟ್ 4ರ ನಡುರಾತ್ರಿ, ಸಾವಿರಾರು ಜನ ಕೈ ಕೈ ಹಿಡಿದು ಅಡ್ಡ ನಿಂತರೂ, ಪೊಲೀಸರು ನುಗ್ಗಿ ಅವರನ್ನ ಹೊರಗೆ ಹಾಕಿದ್ರು. ಜಾಗ ಎಷ್ಟೋ ವರ್ಷ ಖಾಲಿ ಬಿದ್ದಿತ್ತು, 2005ರಲ್ಲಿ ಅಲ್ಲೇ ಹಿರಿಯರಿಗಾಗಿ 104 ಮನೆಗಳು ಎದ್ದವು. ಆದ್ದರಿಂದ ಆ ಮುದುಕರಿಗೆ ನಮಸ್ಕಾರ ಹೇಳಿಸಿ. ನಾವು ಒಂದು ರಾತ್ರಿಗೆ ಹೋಗಿರೋದು ಅವರ ಮನೆಗೆ.

ಬುಷ್ ಬೀದಿಯಲ್ಲಿ ನಡೀತಾ ಹೋದ್ರೆ 608ನೇ ನಂಬರಲ್ಲಿ ಒಂದು ಫಲಕ ಕಾಣುತ್ತೆ. ಟ್ರೆಷರ್ ಐಲ್ಯಾಂಡ್ ಬರೆದ ಸ್ಟೀವನ್‌ಸನ್ 1879–80ರ ಚಳಿಗಾಲದಲ್ಲಿ ಅಲ್ಲಿದ್ದ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಕಾಸಿಲ್ಲ, ಎದೆಯ ರೋಗ ಬೇರೆ. ಅಂಥದ್ದರಲ್ಲೂ ಮನೆಯೊಡತಿಯ ಚಿಕ್ಕ ಮಗ ಕಾಯಿಲೆ ಬಿದ್ದಾಗ ರಾತ್ರಿ ಕೂತು ಆರೈಕೆ ಮಾಡಿದ, ಆಮೇಲೆ ತಾನೇ ಹಾಸಿಗೆ ಹಿಡಿದ. ನಂಗೆ ಅವನ ಪುಸ್ತಕಕ್ಕಿಂತ ಈ ಸಂಗತಿ ದೊಡ್ಡದು. ಮೈಸೂರಿನವರು ಅಂದ ಮೇಲೆ ವೆಬ್‌ಸ್ಟರ್ ಬೀದಿಯ ಹಳೇ ವೇದಾಂತ ಮಂದಿರವನ್ನೂ ಬಿಡಬೇಡಿ. ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು 1900ರಲ್ಲಿ ಇಲ್ಲಿ ಟರ್ಕ್ ಬೀದಿಯ ಬಾಡಿಗೆ ಮನೆಯಲ್ಲಿದ್ದು ಉಪನ್ಯಾಸ ಕೊಟ್ಟವರು. ಅವರು ಹುಟ್ಟುಹಾಕಿದ ಸಂಘದ್ದೇ ಆ ಮಂದಿರ, 1906ರ ಕಂಪನವನ್ನೂ ತಾಳಿ ನಿಂತಿದೆ.

ಬಿಲ್ಲಿನಲ್ಲಿ ಶೇಕಡಾ 14ರ ಹೋಟೆಲ್ ತೆರಿಗೆ ಕಂಡು ಹುಬ್ಬು ಗಂಟಿಕ್ಕಬೇಡಿ. ಅದರ ಒಂದು ಪಾಲು 1961ರಿಂದ ಊರಿನ ಕಲಾಸಂಸ್ಥೆಗಳಿಗೆ ಹೋಗುತ್ತೆ. ಕೋಣೆ ಗುಡಿಸೋರಿಗೆ ದಿಂಬಿನ ಹತ್ತಿರ ನಾಲ್ಕು ಡಾಲರ್ ಇಡೋದು ಮರೀಬೇಡಿ. 2024ರಲ್ಲಿ ಇಲ್ಲಿನ ದೊಡ್ಡ ಹೋಟೆಲುಗಳ ಕೆಲಸದವರು ಕ್ರಿಸ್‌ಮಸ್ ಹಿಂದಿನ ದಿನದವರೆಗೂ ತಿಂಗಳುಗಟ್ಟಲೆ ಮುಷ್ಕರ ಕೂತಿದ್ದರಲ್ಲ, ಅವರ ಬೆನ್ನುನೋವು ಎಲ್ಲಾ ಹೋಟೆಲಲ್ಲೂ ಒಂದೇ.

ಕಾರು ಬೇಡವೇ ಬೇಡ. ನಿಲ್ಲಿಸೋಕೆ ದುಡ್ಡು, ಒಳಗೆ ಚೀಲ ಬಿಟ್ರೆ ಗಾಜು ಒಡೀತಾರೆ. ಫ್ರೀಮಾಂಟಿಂದಲೇ ಬಾರ್ಟ್ ರೈಲು ಹತ್ತಿ ಪವೆಲ್ ಸ್ಟ್ರೀಟಲ್ಲಿ ಇಳೀರಿ. ಸ್ನಾನಕ್ಕೆ ಒಂದು ಚೊಂಬು ಚೀಲದಲ್ಲಿರಲಿ, ಅಲ್ಲಿ ಸಿಗಲ್ಲ. ರೈಸ್ ಕುಕ್ಕರ್ ಮಾತ್ರ ಒಯ್ಯಬೇಡಿ, ಹಳೇ ವೈರಿಂಗ್ ತಡೆಯಲ್ಲ. ಗೊಜ್ಜವಲಕ್ಕಿ ಮಾಡ್ಕೊಂಡು ಹೋಗಿ, ಇಲ್ಲಾ ನಾನೇ ಮಾಡಿಕೊಡ್ತೀನಿ. ಬುಕ್ ಮಾಡೋ ಮುಂಚೆ ಹೋಟೆಲಿಗೇ ಫೋನ್ ಮಾಡಿ ಮೂರು ಮಾತು ಕೇಳಿ: ಲಿಫ್ಟ್ ನಡೀತಿದೆಯಾ, ಬೀದಿ ಕಡೆ ಕಿಟಕಿ ಇರೋ ಕೋಣೆ ಇದೆಯಾ, ಅದು ಎರಡನೇ ಅಂತಸ್ತಿಗಿಂತ ಮೇಲಿದೆಯಾ. ಮಾವನವರ ಮಂಡಿನೋವಿನ ವಿಷಯ ಆಗಲೇ ಹೇಳಿಬಿಡಿ. ಫೋನ್ ಎತ್ತಿದವರು ಹೇಗೆ ಮಾತಾಡ್ತಾರೆ ನೋಡಿ, ಅದರ ಮೇಲೆ ಯಾವ ಹೋಟೆಲು ಅಂತ ಹೇಳ್ತೀನಿ, ನಾಳೆ ಸಂಜೆ ನಂಬರುಗಳನ್ನ ಬರ್ಕೊಂಡು ಬರ್ತೀನಿ.