ಸಂಬಳ ಯಾಕೆ, ಸ್ಟಾರ್ ತಗೊಳ್ಳಿ

ಬೆಂಗಳೂರಿನ ಕಂಪನಿಗಳಿಗೆ ಹೊಸದೊಂದು ಚಿಂತೆ ಹತ್ತಿಕೊಂಡಿದೆ. ನೌಕರ ಖುಷಿಯಾಗಿದ್ದಾನೋ ಇಲ್ಲವೋ ಎಂಬ ಚಿಂತೆ. ಅವನು ಮನೆ ಬಾಡಿಗೆ ಹೇಗೆ ಕಟ್ಟುತ್ತಾನೆ ಎಂಬುದು ಬೇಡ. ಸಂಬಳ ಏರಿ ಎಷ್ಟು ಕಾಲವಾಯಿತು ಎಂಬುದಂತೂ ಬೇಡವೇ ಬೇಡ. ಖುಷಿ ಮಾತ್ರ ಬೇಕು. ಅದೂ ಶುಕ್ರವಾರ ಸಂಜೆ ನಾಲ್ಕಕ್ಕೆ, ಕೆಫೆಟೇರಿಯಾದಲ್ಲಿ. ಹಾಜರಿ ಕಡ್ಡಾಯ.

ಇದರ ಹೆಸರು ಫನ್ ಫ್ರೈಡೇ. ಬಲೂನು ಕಟ್ಟಿರುತ್ತಾರೆ. ಮ್ಯೂಸಿಕಲ್ ಚೇರ್ ಆಡಿಸುತ್ತಾರೆ. ಹೋದ ತಿಂಗಳು ತಂಡದಲ್ಲಿ ನಾಲ್ವರನ್ನು ಮನೆಗೆ ಕಳಿಸಿದ ಎಚ್‌ಆರ್ ಮೇಡಂ ಈ ತಿಂಗಳು ನಗುನಗುತ್ತಾ ಒಂದೊಂದೇ ಕುರ್ಚಿ ಎಳೆಯುತ್ತಾರೆ. ಏನು ಆಡಿಸುತ್ತಿದ್ದೇನೆಂದು ಅವರಿಗೆ ಹೊಳೆದಿರುವುದಿಲ್ಲ. ಸುತ್ತು ಹಾಕುತ್ತಿರುವವರಿಗೆ ಚೆನ್ನಾಗಿ ಹೊಳೆದಿರುತ್ತದೆ.

ಆಟ ಮುಗಿದರೆ ಸಮೀಕ್ಷೆ. ಐದು ಮುಖಗಳಿರುತ್ತವೆ, ಅಳುಮುಖದಿಂದ ಹಿಡಿದು ಹಲ್ಲುಕಿರಿಯುವ ಮುಖದವರೆಗೆ. ನಿಮ್ಮ ಇವತ್ತಿನ ಮೂಡ್ ಒತ್ತಿ. ಹೆಸರು ಬೇಕಿಲ್ಲ, ಎಲ್ಲ ಗೋಪ್ಯ. ಲಿಂಕ್ ತೆರೆಯಲು ಉದ್ಯೋಗಿ ಸಂಖ್ಯೆ ಹಾಕಬೇಕು, ಅಷ್ಟೇ. ಅಳುಮುಖ ಒತ್ತುವ ಗಂಡೆದೆ ಯಾರಿಗಿದೆ? ಎಲ್ಲರೂ ಹಲ್ಲು ಕಿರಿಯುತ್ತಾರೆ. ಕಂಪನಿಯ ಖುಷಿ ಏರುತ್ತದೆ. ಪಿಪಿಟಿ ಸಿದ್ಧವಾಗುತ್ತದೆ.

2024ರ ಡಿಸೆಂಬರಿನಲ್ಲಿ ನೋಯ್ಡಾದ ಸ್ಟಾರ್ಟಪ್ ಒಂದರ ಇಮೇಲ್ ಎಲ್ಲೆಡೆ ಹರಿದಾಡಿತು. ಸಮೀಕ್ಷೆಯಲ್ಲಿ ‘ಒತ್ತಡವಿದೆ’ ಎಂದವರನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಅದರಲ್ಲಿತ್ತು. ಆಮೇಲೆ ಕಂಪನಿ, ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಜನರ ಗಮನ ಸೆಳೆಯಲು ಹಾಗೆ ಮಾಡಿದೆವು ಎಂದಿತು. ಇರಲಿ. ಅಷ್ಟರಲ್ಲಿ ದೇಶಕ್ಕೆ ದೇಶವೇ ಅದನ್ನು ನಂಬಿಬಿಟ್ಟಿತ್ತಲ್ಲ! ಒಬ್ಬನಿಗೂ ಅದು ಅಸಂಭವ ಎನಿಸಲಿಲ್ಲ.

ಖುಷಿಯಾಗಿರಿ ಎನ್ನುವ ಇದೇ ಉದ್ಯಮದ ಹಿರಿಯರು ಇನ್ನೇನು ಹೇಳುತ್ತಾರೆ ಕೇಳಿ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು. ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು. ಮೂಡ್ ಸಮೀಕ್ಷೆಗೆ ಪುರುಸೊತ್ತು ಸಿಕ್ಕರೆ ಪುಣ್ಯ.

ಎಸಿ ಆಫೀಸಿನಲ್ಲಿ ಈ ಆಟ ವಾರಕ್ಕೊಮ್ಮೆ. ರಸ್ತೆಯಲ್ಲಿ ದಿನವಿಡೀ.

ಎಚ್‌ಎಸ್‌ಆರ್ ಲೇಔಟ್. ರಾತ್ರಿ ಹತ್ತೂವರೆ. ಬಾಗಿಲು ಹಾಕುತ್ತಿದ್ದ ದರ್ಶಿನಿಯ ಮುಂದೆ ಡೆಲಿವರಿ ಹುಡುಗನೊಬ್ಬ ಬೈಕಿನ ಮೇಲೆ ಕೂತು ಮೊಬೈಲನ್ನೇ ನೋಡುತ್ತಿದ್ದ. ವಿಜಯಪುರದ ಕಡೆಯವನು. ಪರದೆಯ ಮೇಲೊಂದು ಹಸಿರು ಪಟ್ಟಿ, ತುದಿ ಮುಟ್ಟಲು ಕೂದಲೆಳೆಯಷ್ಟು ಬಾಕಿ. ಅದರ ಕೆಳಗೆ ಹುರಿದುಂಬಿಸುವ ಒಂದು ಸಾಲು, ಪಕ್ಕದಲ್ಲಿ ಚಿನ್ನದ ಬಣ್ಣದ ಕಪ್ಪು. “ಇನ್ನೊಂದ ಆರ್ಡರ್ ಬಂದ್ರ ಇನ್ಸೆಂಟಿವ್ ಸಿಗ್ತದ್ರೀ ಸರ. ಬರವಲ್ದು ನೋಡ್ರಿ. ಮೊನ್ನೀನೂ ಹಿಂಗ ಆತು.” ಲಾಗ್‌ಔಟ್ ಮಾಡಿ ಮನೆಗೆ ಹೋಗು ಎಂದೆ. ಮಾಡಿದರೆ ಇವತ್ತಿನ ಅಷ್ಟೂ ಇನ್ಸೆಂಟಿವ್ ಹೋಗುತ್ತದಂತೆ.

ಆರ್ಡರ್ ಯಾಕೆ ಬರಲಿಲ್ಲ? ಗಿರಾಕಿ ಇರಲಿಲ್ಲವೋ, ಆ್ಯಪ್ ಬೇರೆಯವರಿಗೆ ಕೊಟ್ಟಿತೋ? ಅವನಿಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಇನ್ಸೆಂಟಿವ್‌ಗೆ ಸೋಮವಾರ ಒಂದು ಸ್ಲ್ಯಾಬು, ಗುರುವಾರ ಇನ್ನೊಂದು. ಗಲ್ಲಿ ಕ್ರಿಕೆಟ್ಟಿನಲ್ಲಿ ಬಾಲಿನ ಒಡೆಯನೇ ಅಂಪೈರ್ ಆಗುತ್ತಿದ್ದ. ಗೆಲ್ಲಲು ಒಂದೇ ರನ್ ಬೇಕಾದಾಗ ಬಾಲು ಜೇಬಿಗಿಳಿಸಿ ಮನೆಗೆ ಹೊರಡುತ್ತಿದ್ದ. ಆ ಒಡೆಯನಿಗೆ ಈಗ ದೊಡ್ಡ ದೊಡ್ಡ ಹೂಡಿಕೆದಾರರು ಸಿಕ್ಕಿದ್ದಾರೆ.

ಹೀಗೆ ಆಟ ಹೂಡಿ ದುಡಿಸುವುದು ಹೊಸ ಬುದ್ಧಿಯೂ ಅಲ್ಲ. 1935ರ ಆಗಸ್ಟ್‌ನಲ್ಲಿ ಸ್ಟಖಾನೋವ್ ಎಂಬ ಸೋವಿಯತ್ ಗಣಿ ಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ತೆಗೆದ ಎಂದು ಸರ್ಕಾರ ಡಂಗುರ ಸಾರಿತು. ನಿಗದಿಯಾಗಿದ್ದಕ್ಕಿಂತ 14 ಪಟ್ಟು. ಅವನಿಗೆ ನೆರವಾಗಿ ಬೇರೆಯವರೂ ದುಡಿದಿದ್ದರು. ಡಂಗುರದಲ್ಲಿ ಅವರ ಹೆಸರು ಬರಲಿಲ್ಲ. ಅವನಿಗೆ ಪದಕ ಬಂತು. ಉಳಿದವರಿಗೆ ಏರಿಸಿದ ಟಾರ್ಗೆಟ್ಟು ಬಂತು. ಕಮ್ಯುನಿಸ್ಟರು ಮಾಡಿದ್ದನ್ನು ಬಂಡವಾಳಶಾಹಿಗಳು ಎರಡು ಕೈಯಲ್ಲಿ ಅಪ್ಪಿಕೊಂಡ ಅಪರೂಪದ ಸಂಗತಿ ಇದು.

ಡಿಸ್ನಿಲ್ಯಾಂಡ್ ತನ್ನನ್ನು ಭೂಮಿಯ ಮೇಲಿನ ಅತ್ಯಂತ ಸಂತೋಷದ ಜಾಗ ಎಂದು ಕರೆದುಕೊಳ್ಳುತ್ತದೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಅದರ ಹೋಟೆಲುಗಳ ಲಾಂಡ್ರಿಯಲ್ಲಿದ್ದ ದೊಡ್ಡ ಪರದೆಗಳು ಸುದ್ದಿಯಾದವು. ಹಾಸಿಗೆ ಹೊದಿಕೆ, ಟವೆಲ್ ಒಗೆಯುವವರ ಹೆಸರು, ಪಕ್ಕದಲ್ಲಿ ಅವರ ವೇಗ. ಚುರುಕಾದರೆ ಹಸಿರು, ತಡವಾದರೆ ಕೆಂಪು. ಅಂಕ ಇಳಿದೀತೆಂದು ಶೌಚಾಲಯಕ್ಕೆ ಹೋಗಲೂ ಜನ ಹಿಂಜರಿದರು. ಕಾರ್ಮಿಕರು ಅದಕ್ಕಿಟ್ಟ ಹೆಸರು ಎಲೆಕ್ಟ್ರಾನಿಕ್ ಚಾಟಿ. ಮೇಲಿನ ಕೋಣೆಯಲ್ಲಿ ಮಿಕ್ಕಿ ಮೌಸ್ ಕಿವಿ ಹಾಕಿಕೊಂಡ ಮಕ್ಕಳು ಅದೇ ಹೊದಿಕೆ ಹೊದ್ದು ಮಲಗಿದ್ದವು.

ನಮ್ಮ ಗಾರ್ಮೆಂಟ್ ಹೆಣ್ಣುಮಕ್ಕಳಿಗೆ ಈ ಪರದೆಯ ಕಥೆ ಹೇಳಿದರೆ ಬೆರಗಾಗುವುದಿಲ್ಲ. ಗಂಟೆ ಗಂಟೆಗೂ ಪೀಸ್ ಲೆಕ್ಕ ಬರೆಯುವ ಬೋರ್ಡು ಅವರಿಗೆ ಹಳೆಯದು. ಪಿಎಫ್ ಹಣ ತೆಗೆಯಲು ಕೇಂದ್ರ ಸರ್ಕಾರ ನಿರ್ಬಂಧ ಹೇರಿದಾಗ, 2016ರ ಏಪ್ರಿಲ್‌ನಲ್ಲಿ ಇವರೇ ಬೆಂಗಳೂರಿನ ಹೆದ್ದಾರಿಗಳಿಗಿಳಿದರು. ಸರ್ಕಾರ ಆದೇಶ ಹಿಂದಕ್ಕೆ ಪಡೆಯಿತು. ಬ್ಯಾಡ್ಜು ಕೊಡಿ, ಬಲೂನು ಕಟ್ಟಿ ಎಂದು ಆವತ್ತು ಯಾರೂ ಕೂಗಲಿಲ್ಲ. ನಮ್ಮ ದುಡ್ಡು ನಮಗೆ ಕೊಡಿ ಎಂದರು. ಕೆಲಸಗಾರರಿಗೆ ಏನು ಸ್ಫೂರ್ತಿ ಕೊಡುತ್ತದೆಂದು ತಿಳಿಯಲು ಕನ್ಸಲ್ಟೆಂಟ್ ಬೇಕಾಗಿರಲಿಲ್ಲ.

2025ರಲ್ಲಿ ಕರ್ನಾಟಕ ಆ ಡೆಲಿವರಿ ಹುಡುಗನಂಥ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ. ಪ್ರತಿ ಕೆಲಸಕ್ಕೆ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವ ಮೊದಲು 14 ದಿನಗಳ ನೋಟಿಸ್ ಕೊಡಬೇಕು. ರೇಟಿಂಗು ಹೇಗೆ, ಕೆಲಸ ಹಂಚುವುದು ಹೇಗೆ ಎಂದು ತಿಳಿಯುವ ಭಾಷೆಯಲ್ಲಿ ಹೇಳಬೇಕು. ಅಂದರೆ, ಆಟದ ನಿಯಮವನ್ನು ಆಡುವವನಿಗೆ ತಿಳಿಸಿ ಎಂದು ವಿಧಾನಸೌಧವೇ ಹೇಳಬೇಕಾಯಿತು. ಕರಡು ಬಂದಾಗಲೇ ಉದ್ಯಮ ಸಂಘಟನೆಗಳು ಆಕ್ಷೇಪ ಎತ್ತಿದ್ದವು. ವ್ಯವಹಾರ ನಡೆಸುವುದು ಕಷ್ಟವಾಗುತ್ತದಂತೆ. ಆಗ ಇವರ ಮೂಡ್ ಹೇಗಿದೆ ಎಂದು ಯಾರಾದರೂ ಸಮೀಕ್ಷೆ ಮಾಡಬೇಕಿತ್ತು.

ನನ್ನದೊಂದು ಸಲಹೆಯಿದೆ. ಸ್ಟಾರು, ಬ್ಯಾಡ್ಜು, ಚಿನ್ನದ ಕಪ್ಪುಗಳಿಗೆ ಮನುಷ್ಯನನ್ನು ಹುರಿದುಂಬಿಸುವ ಇಷ್ಟೊಂದು ಶಕ್ತಿ ಇದ್ದರೆ ಮೇಲಿನಿಂದಲೇ ಶುರು ಮಾಡಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಸಿಇಒಗೆ ಷೇರು ಕೊಡಬೇಡಿ, ಬೋನಸ್ ಕೊಡಬೇಡಿ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ, ಕೋಟಿನ ಮೇಲೊಂದು ನಗುಮುಖದ ಸ್ಟಿಕ್ಕರ್ ಅಂಟಿಸಿ. ಮರುದಿನ ಅವರು ಕೆಲಸಕ್ಕೆ ಬರುತ್ತಾರೋ ನೋಡೋಣ.